ಐದನೆಯ ಪಾಲು

ನಮ್ಮ ಕಡೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾಗುವ ದಿನ ಪಂಚರು ಜಗಲಿಯ ಮೇಲೆ ಕೂರುತ್ತಾರೆ. ಹೊಲ, ತೋಟ, ದನ, ಪಾತ್ರೆಪಡಗ ಎಲ್ಲದರ ಲೆಕ್ಕವೂ ಆಗುತ್ತದೆ. ನಾಲ್ವರು ಗಂಡುಮಕ್ಕಳಿದ್ದರೆ ನಾಲ್ಕು ಪಾಲು. ಬಾವಿಯೊಂದನ್ನು ಮಾತ್ರ ಯಾರೂ ಪಾಲು ಮಾಡುವುದಿಲ್ಲ. ಅದನ್ನು ಜಂಟಿಯಾಗಿ ಬಿಟ್ಟು ನೀರಿಗೆ ಸರದಿ ಹಾಕುತ್ತಾರೆ.

ಕೊಯಮತ್ತೂರಿನ ಪೀಳಮೇಡಿನಲ್ಲಿ ಬೇಸಾಯವನ್ನೂ ಹತ್ತಿಯ ವ್ಯಾಪಾರವನ್ನೂ ನಡೆಸಿಕೊಂಡು ಬಂದಿದ್ದ ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಅವರಿಗೂ ನಾಲ್ವರು ಗಂಡುಮಕ್ಕಳು: ವೆಂಕಟಸ್ವಾಮಿ, ರಂಗಸ್ವಾಮಿ, ಗಂಗಾ ನಾಯ್ಡು ಮತ್ತು ನಾರಾಯಣಸ್ವಾಮಿ. ಈ ನಾಲ್ವರು ಆಸ್ತಿಯನ್ನು ಐದು ಸಮಪಾಲು ಮಾಡಿದರು. ಐದನೆಯದನ್ನು ಧರ್ಮಕ್ಕೆ ಎತ್ತಿಟ್ಟು 1926ರಲ್ಲಿ ಪಿ.ಎಸ್.ಜಿ. ಅಂಡ್ ಸನ್ಸ್ ಚಾರಿಟೀಸ್ ಎಂಬ ಟ್ರಸ್ಟನ್ನು ಕಟ್ಟಿದರು. ಆ ಟ್ರಸ್ಟಿನ ಜೊತೆಯಲ್ಲೇ, ಅದೇ ವರ್ಷ, ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಸಂಸ್ಥೆಗೆ ನೂರು ತುಂಬುತ್ತಿರುವ ಈ ಹೊತ್ತಿನಲ್ಲಿ ಅದರ ಕಥೆಯನ್ನು ಕನ್ನಡದ ಓದುಗರಿಗೆ ಹೇಳಬೇಕೆಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ದಾನ ಮಾಡಿದ ಮನೆತನಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಛತ್ರ ಕಟ್ಟಿಸಿದ್ದಾರೆ, ಕೆರೆ ತೋಡಿಸಿದ್ದಾರೆ, ಗೋಪುರ ಎತ್ತಿಸಿದ್ದಾರೆ. ಪೀಳಮೇಡಿನ ಅಣ್ಣತಮ್ಮಂದಿರು ಧರ್ಮದ ಪಾಲನ್ನು ಒಂದು ಯಂತ್ರಶಾಲೆಗೆ ಹಾಕಿದರು. ಅಲ್ಲಿ ಕಬ್ಬಿಣ ಎರಕವಾಗಬೇಕು, ಲೇತು ತಿರುಗಬೇಕು, ಮಾಲು ಮಾರಾಟವಾಗಬೇಕು, ಆ ಕೆಲಸದ ನಡುವೆಯೇ ಹುಡುಗರು ಕಸುಬು ಕಲಿಯಬೇಕು. ಕಾರ್ಖಾನೆಯೂ ಶಾಲೆಯೂ ಒಂದೇ ಸೂರಿನ ಕೆಳಗೆ. ಇದರ ಹಿರಿಮೆ ನನಗೆ ಅರ್ಥವಾಗಲು ಪಾಲಿಟೆಕ್ನಿಕ್ಕಿನಲ್ಲಿ ಬಹಳ ವರ್ಷ ಪಾಠ ಹೇಳಬೇಕಾಯಿತು.

ಒಣನೆಲ, ಆಳದ ಬಾವಿ

ನಾನು ಕೊಳ್ಳೇಗಾಲದ ಕಡೆಯವನು. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ರಾಜ್ಯಗಳಾದಾಗ ಮೈಸೂರಿಗೆ ಬಂದೆವು, 1997ರಲ್ಲಿ ಚಾಮರಾಜನಗರ ಜಿಲ್ಲೆಯವರಾದೆವು. ನಮ್ಮ ತಾತನ ಬಾಯಲ್ಲಿ ‘ಜಿಲ್ಲಾ ಕಚೇರಿ’ ಅಂದರೆ ಕೊಯಮತ್ತೂರೇ. ರಾಜ್ಯದ ಗಡಿಯ ಆಚೆ ತಾಳವಾಡಿಯಲ್ಲಿ ಇಂದಿಗೂ ಮನೆಮಾತು ಕನ್ನಡ. ಕೊಯಮತ್ತೂರಿನ ಸುತ್ತ ನೇಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ತಲೆತಲಾಂತರದಿಂದ ಮನೆಯೊಳಗೆ ಕನ್ನಡವಾಡುತ್ತ ಬಂದಿದ್ದಾರೆ. ಹಾಗಾಗಿ ಆ ಊರಿನ ಕಥೆಯನ್ನು ಹೊರಗಿನದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಪಶ್ಚಿಮ ಘಟ್ಟದ ಮರೆಯಲ್ಲಿರುವ ಆ ಸೀಮೆಗೆ ಮಳೆ ಕಡಿಮೆ. ಕಪ್ಪು ಮಣ್ಣು ಹತ್ತಿಗೆ ಒಗ್ಗಿತು, ಹತ್ತಿ ಗಿರಣಿಗಳನ್ನು ಕರೆತಂದಿತು. ಮೊದಲ ದೊಡ್ಡ ಗಿರಣಿಯನ್ನು ರಾಬರ್ಟ್ ಸ್ಟೇನ್ಸ್ 1888ರಲ್ಲಿ ಆರಂಭಿಸಿದರು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರದ ಜಲವಿದ್ಯುತ್ತು ಬಯಲಿಗೆ ಇಳಿದ ಮೇಲೆ ಗಿರಣಿಗಳ ಸಂಖ್ಯೆ ಬೇಗ ಬೆಳೆಯಿತು. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದಂತೆ ಪೈಕಾರದ್ದು ಗಿರಣಿಯ ಕದಿರಿಗೆ ಬಂತು. ಅಲ್ಲಿಂದ ತಂತಿ ಹೊಲಗಳತ್ತಲೂ ನಡೆಯಿತು.

ಹೊಲದಲ್ಲಿ ಆಳದ ಬಾವಿಗಳಿದ್ದವು. ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುವ ರೈತನಿಗೆ ದಿನವೆಲ್ಲ ದುಡಿದರೂ ತುಂಡು ಹೊಲ ನೆನೆಯುವುದೇ ಕಷ್ಟವಾಗಿತ್ತು. ವಿದ್ಯುತ್ತು ಬಂದ ಕೂಡಲೇ ಅವನು ಕೇಳಿದ್ದು ಪಂಪು. ಗಿರಣಿಯವರು ಕೇಳಿದ್ದು ಸವೆದ ಯಂತ್ರಗಳಿಗೆ ಬಿಡಿಭಾಗ. ಅವೆಲ್ಲ ಅದುವರೆಗೆ ಹಡಗಿನಲ್ಲಿ ಬರಬೇಕಾಗಿದ್ದ ಮಾಲು. ಪಿ.ಎಸ್.ಜಿ. ಯಂತ್ರಶಾಲೆ ಈ ಎರಡು ಬೇಡಿಕೆಗಳ ನಡುವೆ ಬೆಳೆಯಿತು. ಬೇಸಾಯದ ಸಲಕರಣೆ, ಗಿರಣಿಯ ಭಾಗಗಳು, ಪಂಪು, ಮೋಟಾರು, ಆಮೇಲೆ ಲೇತು. ಊರಿಗೆ ಬೇಕಾದದ್ದೇ ಅಲ್ಲಿ ಹುಡುಗರಿಗೆ ಪಾಠವಾಯಿತು.

ಕುಲುಮೆಯ ಪಕ್ಕದ ಪಾಠ

ಪಂಪಿನ ಒಡಲೊಂದು ಹುಟ್ಟುವುದನ್ನು ನೋಡಿದರೆ ಈ ಬಗೆಯ ಶಾಲೆ ಏನನ್ನು ಕಲಿಸುತ್ತದೆ ಎಂದು ತಿಳಿಯುತ್ತದೆ. ಮೊದಲು ಮರದ ಪ್ಯಾಟರ್ನ್. ಕಾದ ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದು ಭಾಗ ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು. ಮರಳಿನಲ್ಲಿ ತೇವ ಹೆಚ್ಚಾದರೆ ಹಬೆ ಸಿಕ್ಕಿಕೊಂಡು ಎರಕದ ಒಳಗೆ ಗುಳ್ಳೆ ಉಳಿಯುತ್ತದೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಎಷ್ಟು ತೇವ ಸಾಕು ಎಂಬುದನ್ನು ಹಳೆಯ ಮೋಲ್ಡರು ಮರಳನ್ನು ಮುಷ್ಟಿಯಲ್ಲಿ ಹಿಡಿದು, ಮುರಿದು, ಮುರಿದ ಅಂಚನ್ನು ನೋಡಿ ಹೇಳಿಬಿಡುತ್ತಾನೆ. ಆಮೇಲೆ ಕುಲುಮೆಯಿಂದ 1,300 ಡಿಗ್ರಿ ಸೆಲ್ಸಿಯಸ್ ಮೀರಿದ ಕಬ್ಬಿಣ ಅಚ್ಚಿಗೆ ಇಳಿಯುತ್ತದೆ.

ಎರಕ ತಣಿದ ಮೇಲೆ ಲೇತಿನ ಸರದಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವದ ಮೋಟಾರು ನಿಮಿಷಕ್ಕೆ 3,000 ಸುತ್ತಿಗೆ ಸ್ವಲ್ಪ ಕಡಿಮೆ ವೇಗದಲ್ಲಿ ತಿರುಗುತ್ತದೆ. ಆ ವೇಗದಲ್ಲಿ ನೀರನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರು, ಕೂದಲೆಳೆಯಷ್ಟು ಓರೆಯಾಗಿ ಕೂತರೂ ಪಂಪು ನಡುಗುತ್ತದೆ, ಬೇರಿಂಗು ಹಾಳಾಗುತ್ತದೆ, ನಡುಬೇಸಿಗೆಯಲ್ಲಿ ಯಾರದೋ ಬೆಳೆ ಒಣಗುತ್ತದೆ. ತರಗತಿಯಲ್ಲಿ ಅಳತೆ ತಪ್ಪಿದರೆ ಒಂದೆರಡು ಅಂಕ ಹೋಗುತ್ತವೆ, ಅಷ್ಟೇ. ಮಾರಾಟಕ್ಕೆ ಹೋಗುವ ಪಂಪಿನಲ್ಲಿ ತಪ್ಪಿದರೆ ಅದು ತಿರುಗಿ ಬಂದು ಬೆಂಚಿನ ಮೇಲೆ ಕೂರುತ್ತದೆ. ಆ ಭಾರ ಗೊತ್ತಿರುವ ಹುಡುಗ ಮೈಕ್ರೋಮೀಟರನ್ನು ಹಿಡಿಯುವ ರೀತಿಯೇ ಬೇರೆ.

ಹೀಗೆ ಕಲಿಸುವುದು ಸುಲಭವಲ್ಲ. ಕಲಿಯುವ ಕೈ ನಿಧಾನ, ಕಲಿಯುವ ಕೈಯಲ್ಲಿ ಮಾಲು ಕೆಡುತ್ತದೆ. ಉತ್ಪಾದನೆಯನ್ನಷ್ಟೇ ನೋಡುವ ಕಾರ್ಖಾನೆ ಹುಡುಗನನ್ನು ಮೂಲೆಯಲ್ಲಿ ನಿಲ್ಲಿಸಿ ಗುಡಿಸಲು ಹಚ್ಚುತ್ತದೆ. ಪಾಠವನ್ನಷ್ಟೇ ನೋಡುವ ಕಾಲೇಜು ಅವನಿಗೆ ಒಂದು ಕಬ್ಬಿಣದ ತುಂಡು ಕೊಟ್ಟು ಅರ ಹೊಡೆಸಿ, ಗುರುತು ಹಾಕಿ, ತುಂಡನ್ನು ಗುಜರಿಗೆ ಎಸೆಯುತ್ತದೆ. ಎರಡನ್ನೂ ಕೂಡಿಸಬೇಕಾದರೆ ಕೆಟ್ಟ ಮಾಲಿನ ನಷ್ಟವನ್ನು ಯಾರಾದರೂ ಹೊರಬೇಕು. ಐದನೆಯ ಪಾಲು ಹೊತ್ತದ್ದು ಆ ಭಾರವನ್ನು. ಯಂತ್ರಶಾಲೆ ಟ್ರಸ್ಟಿನ ಅಂಗವಾಗಿತ್ತು. ಮನೆಗೆ ಲಾಭ ಒಯ್ಯುವ ಒಡೆಯ ಅಲ್ಲಿ ಇರಲಿಲ್ಲ. ಆದ್ದರಿಂದಲೇ ಹುಡುಗನನ್ನು ಯಂತ್ರದ ಮುಂದೆ ನಿಲ್ಲಿಸುವ ಧೈರ್ಯ ಅದಕ್ಕಿತ್ತು.

ಕಾಲೇಜು ಬಂದಾಗ

1924ರಲ್ಲೇ ಪೀಳಮೇಡಿನಲ್ಲಿ ಸರ್ವಜನ ಶಾಲೆ ಶುರುವಾಗಿತ್ತು. ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ಹೆಸರೇ ಹೇಳುತ್ತದೆ. 1939ರಲ್ಲಿ ಪಾಲಿಟೆಕ್ನಿಕ್, 1947ರಲ್ಲಿ ಕಲಾ ಕಾಲೇಜು, 1951ರಲ್ಲಿ ಪಿ.ಎಸ್.ಜಿ. ಕಾಲೇಜ್ ಆಫ್ ಟೆಕ್ನಾಲಜಿ. ಎಂಜಿನಿಯರಿಂಗ್ ಕಾಲೇಜನ್ನು ಎಲ್ಲೋ ಬಯಲಿನಲ್ಲಿ ಒಂಟಿಯಾಗಿ ಕಟ್ಟದೆ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟಿನ ಆವರಣದಲ್ಲೇ ಕಟ್ಟಿದರು. ಸಾಮಾನ್ಯವಾಗಿ ಕಾಲೇಜು ಮೊದಲು ಬರುತ್ತದೆ, ವರ್ಕ್‌ಷಾಪನ್ನು ಹಿಂದುಗಡೆ ಒಂದು ಶೆಡ್ಡಿನಲ್ಲಿ ಸೇರಿಸುತ್ತಾರೆ. ಇಲ್ಲಿ ಕಾರ್ಖಾನೆಯೇ ಹಿರಿಯಣ್ಣ. ಕಾಲೇಜು ಹುಟ್ಟುವ ಹೊತ್ತಿಗೆ ಅದಕ್ಕೆ ಕಾಲು ಶತಮಾನದ ಅನುಭವವಿತ್ತು.

ಸ್ಥಾಪಕ ಪ್ರಾಂಶುಪಾಲರಾಗಿದ್ದವರು ಜಿ.ಆರ್. ದಾಮೋದರನ್. ಮುಂದೆ ಮದರಾಸು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರು ಮಾಡಿದ ಇನ್ನೊಂದು ಕೆಲಸವನ್ನು ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕು. ‘ಕಲೈಕ್ಕದಿರ್’ ಎಂಬ ತಮಿಳು ವಿಜ್ಞಾನ ಮಾಸಪತ್ರಿಕೆಯನ್ನು ಅವರು ಕಟ್ಟಿ ಬೆಳೆಸಿದರು. ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರೊಬ್ಬರು ಊರಿನ ಜನರ ಮಾತಿನಲ್ಲಿ ವಿಜ್ಞಾನ ಹೇಳುವುದನ್ನು ತಮ್ಮ ಹೊಣೆಯೆಂದು ತಿಳಿದಿದ್ದರು. ಲೇತಿನ ಮುಂದೆ ನಿಂತ ಟರ್ನರನಿಗೆ ಇಂಗ್ಲಿಷ್ ಬಾರದಿರಬಹುದು, ಅವನ ತಲೆಯಲ್ಲಿ ಪ್ರಶ್ನೆಗಳಿಲ್ಲವೆಂದು ಅದರ ಅರ್ಥವಲ್ಲ. ಆ ಪ್ರಶ್ನೆಗಳಿಗೆ ಅವನ ಭಾಷೆಯಲ್ಲೇ ಉತ್ತರ ಕೊಡುವುದೂ ತಂತ್ರವಿದ್ಯೆಯ ಭಾಗವೇ.

ಕಾಲೇಜಿನಲ್ಲಿ ಸ್ಯಾಂಡ್‌ವಿಚ್ ಪದ್ಧತಿಯ ಪದವಿಗಳು ಬಂದವು. ನಾಲ್ಕು ವರ್ಷದ ಓದಿಗೆ ಬದಲು ಐದು ವರ್ಷ, ನಡುನಡುವೆ ಕಾರ್ಖಾನೆಯ ಕೆಲಸ. ಬೇಗ ಮುಗಿಸಿ ಸಂಬಳಕ್ಕೆ ಸೇರಲಿ ಎಂದು ಮನೆಯವರು ಕಾಯುವ ಕಾಲದಲ್ಲಿ ಒಂದು ವರ್ಷ ಹೆಚ್ಚು ಓದಿಸುವುದು ಸಣ್ಣ ಮಾತಲ್ಲ. ಆದರೂ ಮೆಕ್ಯಾನಿಕಲ್ ಮತ್ತು ಪ್ರೊಡಕ್ಷನ್ ವಿಭಾಗಗಳಲ್ಲಿ ಆ ಪದ್ಧತಿ ಬೇರೂರಿತು. ಹೆಚ್ಚಾದ ಆ ವರ್ಷ ಯಂತ್ರಗಳ ನಡುವೆ ಕಳೆದದ್ದು.

ಅಲ್ಲಿಂದ ಹೊರಟವರಲ್ಲಿ ಎಚ್‌ಸಿಎಲ್ ಕಟ್ಟಿದ ಶಿವ್ ನಾಡಾರ್ ಒಬ್ಬರು. ಇನ್ನೊಬ್ಬರು ಮಯಿಲ್‌ಸಾಮಿ ಅಣ್ಣಾದುರೈ. ಕೊಯಮತ್ತೂರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಇ., ಪಿ.ಎಸ್.ಜಿ.ಯಲ್ಲಿ ಎಂ.ಇ. ಮುಗಿಸಿ 1982ರಲ್ಲಿ ಇಸ್ರೋ ಸೇರಿದ ಅವರು ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ದುಡಿದು ಚಂದ್ರಯಾನ-1ರ ಯೋಜನಾ ನಿರ್ದೇಶಕರಾದರು. ದೊಡ್ಡ ಹೆಸರುಗಳನ್ನು ಎಣಿಸುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ನನ್ನ ಮನಸ್ಸು ಹೋಗುವುದು ಹೆಸರು ಬರೆಸಿಕೊಳ್ಳದ ಸಾವಿರಾರು ಫಿಟ್ಟರು, ಟರ್ನರು, ಮೋಲ್ಡರು, ಸೂಪರ್‌ವೈಸರುಗಳ ಕಡೆಗೆ.

ಒಂದು ಲೇತು, ಒಂದು ಪುಸ್ತಕ

ನಾನು ಪಾಠ ಹೇಳುತ್ತಿದ್ದ ಪಾಲಿಟೆಕ್ನಿಕ್ಕಿನ ವರ್ಕ್‌ಷಾಪಿನಲ್ಲಿ ಸಾಲಾಗಿ ಲೇತುಗಳಿದ್ದವು. ಅವುಗಳಲ್ಲೊಂದರ ಹೆಡ್‌ಸ್ಟಾಕಿನ ಮೇಲೆ ಎರಕದಲ್ಲೇ ಮೂಡಿದ ಮೂರು ಅಕ್ಷರ: ಪಿಎಸ್‌ಜಿ. ಬಣ್ಣ ಎಷ್ಟು ಸಲ ಬಳಿದರೂ ಅಕ್ಷರ ಮರೆಯಾಗುತ್ತಿರಲಿಲ್ಲ. ಪ್ರತಿ ಬ್ಯಾಚಿನ ಹುಡುಗರೂ ಮೊದಲ ಸಲ ಅದರ ಚಕ್ಕಿಗೆ ಕೀಲಿ ಹಾಕುವಾಗ ಕೈ ನಡುಗಿಸುತ್ತಿದ್ದರು, ತಿಂಗಳು ಕಳೆಯುವಷ್ಟರಲ್ಲಿ ಸದ್ದು ಕೇಳಿಯೇ ಟೂಲು ಮೊಂಡಾಗಿದೆ ಎನ್ನುತ್ತಿದ್ದರು. ಅದನ್ನು ಕಟ್ಟಿದ ಜಾಗದಲ್ಲೂ ಹೀಗೆಯೇ ಹುಡುಗರು ಕೈ ನಡುಗಿಸಿ ಕಲಿತಿರುತ್ತಾರೆ ಎಂದು ಯೋಚಿಸಿದಾಗಲೆಲ್ಲ ಆ ಯಂತ್ರದ ಮೇಲೆ ನನಗೆ ಅಕ್ಕರೆ ಹೆಚ್ಚಾಗುತ್ತಿತ್ತು.

ಇನ್ನೊಂದು, ಪಿ.ಎಸ್.ಜಿ.ಯ ‘ಡಿಸೈನ್ ಡೇಟಾ’ ಪುಸ್ತಕ. ಕಾಲೇಜಿನ ಮೆಕ್ಯಾನಿಕಲ್ ಅಧ್ಯಾಪಕರು ಸೇರಿ ಸಿದ್ಧಪಡಿಸಿದ್ದು. ಶಾಫ್ಟು, ಗೇರು, ಸ್ಪ್ರಿಂಗು, ಬೇರಿಂಗುಗಳ ಸೂತ್ರ ಮತ್ತು ಕೋಷ್ಟಕಗಳೆಲ್ಲ ಅದರಲ್ಲಿವೆ. ನಮ್ಮಲ್ಲಿ ಲಿಂಗಯ್ಯನವರ, ಮಹದೇವನ್ ಅವರ ಡೇಟಾ ಪುಸ್ತಕಗಳು ಇರುವಂತೆ ತಮಿಳುನಾಡಿನ ಪರೀಕ್ಷಾ ಕೊಠಡಿಗಳಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಯ ಮೇಜಿನ ಮೇಲೆ ಇದು ಇರುತ್ತದೆ. ಡೇಟಾ ಪುಸ್ತಕವನ್ನು ಪರೀಕ್ಷೆಗೆ ಒಯ್ಯಲು ಬಿಡುವುದರ ಹಿಂದೆ ಒಂದು ತತ್ವವಿದೆ. ಎಂಜಿನಿಯರು ಬಾಯಿಪಾಠದವನಲ್ಲ, ಯಾವ ಪುಟ ತೆರೆಯಬೇಕು, ಅಲ್ಲಿಂದ ಯಾವ ಬೆಲೆ ಆರಿಸಬೇಕು, ಅದು ಕೆಲಸಕ್ಕೆ ತಕ್ಕದ್ದೇ ಎಂದು ತೂಗಬಲ್ಲವನು ಎಂಬ ತತ್ವ. ಸಂಸ್ಥೆಯೊಂದು ತನ್ನ ಅನುಭವವನ್ನು ಹೀಗೆ ಅಚ್ಚು ಹಾಕಿಸಿ ಊರೂರಿನ ವಿದ್ಯಾರ್ಥಿಗಳ ಕೈಗೆ ಕೊಟ್ಟದ್ದೂ ಐದನೆಯ ಪಾಲಿನ ಒಂದು ರೂಪವೇ.

ಊರೇ ಕಾರ್ಖಾನೆಯಾದದ್ದು

ಕೊಯಮತ್ತೂರನ್ನು ಒಂದೇ ಸಂಸ್ಥೆ ಕಟ್ಟಿತು ಎನ್ನುವುದು ಸರಿಯಲ್ಲ. ಜಿ.ಡಿ. ನಾಯ್ಡು ಅವರಂಥ ಪ್ರತಿಭೆ ಆ ಊರಿಗಿತ್ತು. 1937ರಲ್ಲಿ ಅವರೂ ಡಿ. ಬಾಲಸುಂದರಂ ನಾಯ್ಡು ಅವರೂ ಸೇರಿ ವಿದ್ಯುತ್ ಮೋಟಾರನ್ನು ತಯಾರಿಸಿದರು. 1945ರಲ್ಲಿ ಜಿ.ಡಿ. ನಾಯ್ಡು ಆರ್ಥರ್ ಹೋಪ್ ಹೆಸರಿನಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅಣ್ಣಾದುರೈ ಬಿ.ಇ. ಓದಿದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಬೇರು ಅದೇ. 1955ರಲ್ಲಿ ಪಿ. ಸಭಾಪತಿ ವಿದ್ಯುತ್ತಿನ ರುಬ್ಬುವ ಕಲ್ಲು ಮಾಡಿದರು. ನಮ್ಮ ಮನೆಗಳಲ್ಲಿ ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ವಂಶ ಅಲ್ಲಿಂದ ಶುರು. ಕೊಯಮತ್ತೂರು ವೆಟ್ ಗ್ರೈಂಡರಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಆದರೆ ಒಬ್ಬೊಬ್ಬ ಪ್ರತಿಭಾವಂತನ ಹಿಂದೆಯೂ ಕಸುಬು ಬಲ್ಲ ನೂರು ಕೈಗಳು ಬೇಕು. ಅಲ್ಲಿ ಒಂದು ಪಂಪು ಒಂದೇ ಗೋಡೆಯೊಳಗೆ ಪೂರ್ತಿಯಾಗುವುದು ಅಪರೂಪ. ಪ್ಯಾಟರ್ನ್ ಒಬ್ಬರಲ್ಲಿ, ಎರಕ ಇನ್ನೊಬ್ಬರ ಫೌಂಡ್ರಿಯಲ್ಲಿ, ಶಾಫ್ಟು ಮತ್ತೊಬ್ಬರ ಲೇತಿನಲ್ಲಿ, ಮೋಟಾರಿನ ವೈಂಡಿಂಗು ಬೇರೆ ಬೀದಿಯಲ್ಲಿ, ಬಣ್ಣ ಮತ್ತು ಜೋಡಣೆ ಕಡೆಗೆ ಮೂಲ ಕಾರ್ಖಾನೆಯಲ್ಲಿ. ಇದೆಲ್ಲ ನಡೆಯುವುದು ಜಾಬ್‌ವರ್ಕಿನಲ್ಲಿ. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷೀನು ಇಟ್ಟುಕೊಂಡವನೂ ಅಲ್ಲಿ ಉದ್ಯಮಿ. ಇಂಥ ಜಾಲ ನಿಲ್ಲುವುದು ಅಳತೆಯ ಮೇಲೆ. ಒಬ್ಬ ತಿರುವಿದ ಶಾಫ್ಟು ಇನ್ನೊಬ್ಬ ಕೊರೆದ ತೂತಿಗೆ ಹೊಡೆತವಿಲ್ಲದೆ ಕೂರಬೇಕಾದರೆ ಇಬ್ಬರೂ ಒಂದೇ ಭಾಷೆಯಲ್ಲಿ ಅಳತೆ ಕಲಿತಿರಬೇಕು. ಆ ಭಾಷೆಯನ್ನು ಊರಿಗೆ ಕಲಿಸಿದ್ದು ಪೀಳಮೇಡಿನ ಬೆಂಚುಗಳು, ಊರಿನ ಇತರ ಪಾಲಿಟೆಕ್ನಿಕ್ಕು, ಐ.ಟಿ.ಐ.ಗಳು.

ಕಲಿತವರು ಅಲ್ಲಿಯೇ ಉಳಿಯಬೇಕೆಂಬ ಕಟ್ಟಳೆ ಇರಲಿಲ್ಲ. ಹೊರಗೆ ಹೋಗಿ ಸ್ವಂತ ಶೆಡ್ಡು ಹಾಕಿದವರು ಎಷ್ಟೋ ಮಂದಿ, ಪಂಪನ್ನೇ ಮಾಡಿ ತಮಗೆ ಕಸುಬು ಕಲಿಸಿದ ಸಂಸ್ಥೆಯ ಮಾಲಿನ ಎದುರೇ ಮಾರಿದವರೂ ಉಂಟು. ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟ. ಧರ್ಮದ ಪಾಲಿನ ಲೆಕ್ಕದಲ್ಲಿ ಇದೇ ಬೆಳೆ. ಎಂಜಿನಿಯರಿಂಗ್ ಮಾಲು ತಯಾರಿಸುವವರು 1952ರಲ್ಲಿ ‘ಸೀಮಾ’ ಎಂಬ ಸಂಘ ಕಟ್ಟಿಕೊಂಡರು, ಸಣ್ಣ ಕೈಗಾರಿಕೆಯವರು 1969ರಲ್ಲಿ ‘ಕೊಡಿಸ್ಸಿಯಾ’ ಕಟ್ಟಿಕೊಂಡರು. ಒಂಟಿ ಶೆಡ್ಡಿನವನಿಗೆ ಕೊಳ್ಳಲಾಗದ ಪರೀಕ್ಷಾ ಸಲಕರಣೆಗಳಿಗಾಗಿ ‘ಸೀಮಾ’ದವರು ‘ಸಿಟಾರ್ಕ್’ ಎಂಬ ಜಂಟಿ ಪ್ರಯೋಗಶಾಲೆಯನ್ನೇ ಸ್ಥಾಪಿಸಿದರು. ಪೈಪೋಟಿಯಲ್ಲಿರುವವರು ಅಳತೆಯ ಮನೆಯನ್ನು ಹಂಚಿಕೊಂಡರು. ದೇಶದ ಪಂಪುಗಳಲ್ಲಿ ಅರ್ಧದಷ್ಟು ಕೊಯಮತ್ತೂರಿನವು ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಆ ಮಾತಿನ ಬುಡದಲ್ಲಿ ಈ ಹಂಚಿಕೆಯಿದೆ.

ಮೈಸೂರಿನ ದಾರಿ, ಪೀಳಮೇಡಿನ ದಾರಿ

ಘಟ್ಟದ ಈಚೆ ಮೈಸೂರು ಸಂಸ್ಥಾನದಲ್ಲೂ ಅದೇ ಕಾಲಕ್ಕೆ ದೊಡ್ಡ ಕೆಲಸ ನಡೆದಿತ್ತು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ವಿಶ್ವೇಶ್ವರಯ್ಯನವರ ಮುನ್ನೋಟವೂ ಅರಸರ ಬೆಂಬಲವೂ ಇದ್ದುದರಿಂದ ಕೈಗಾರಿಕೆಯನ್ನೂ ತಾಂತ್ರಿಕ ಶಿಕ್ಷಣವನ್ನೂ ನಮ್ಮಲ್ಲಿ ಸರ್ಕಾರವೇ ಮುಂದೆ ನಿಂತು ಬೆಳೆಸಿತು. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಕೊಯಮತ್ತೂರು ಬ್ರಿಟಿಷರ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಅಲ್ಲಿ ದಿವಾನರಿರಲಿಲ್ಲ. ಆ ಹೊಣೆಯನ್ನು ರೈತಾಪಿ ಮನೆತನಗಳು ಹೊತ್ತವು. ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ತೂಗುವುದು ಬೇಡ. ಸರ್ಕಾರದ ಕೈ ದೂರದವರೆಗೆ ಚಾಚುತ್ತದೆ, ಮನೆತನದ ಕೈಗೆ ಪಕ್ಕದ ಬೀದಿಯ ಹುಡುಗನ ಹೆಸರು ಗೊತ್ತಿರುತ್ತದೆ. ನಾಡಿಗೆ ಎರಡೂ ಬೇಕು.

ಇಂದು ನಮ್ಮ ಪೀಣ್ಯದಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ ಕೇಳಿಬರುವ ಮಾತು ಒಂದೇ: ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲ. ಅದೇ ಹೊತ್ತಿಗೆ ಡಿಪ್ಲೊಮಾ, ಬಿ.ಇ. ಮುಗಿಸಿದ ಹುಡುಗರು ಕೆಲಸ ಸಿಗುತ್ತಿಲ್ಲವೆಂದು ಅಲೆಯುತ್ತಾರೆ. ಈ ಎರಡು ಕೊರಗುಗಳ ನಡುವೆ ಇರುವುದು ಒಂದು ಗೋಡೆ. ಕಾರ್ಖಾನೆಯ ಬಾಗಿಲಲ್ಲಿ ಅನುಭವ ಕೇಳುತ್ತಾರೆ, ಅನುಭವ ಕೊಡುವ ಬಾಗಿಲು ತೆರೆಯುವುದಿಲ್ಲ. ಪೀಳಮೇಡಿನಲ್ಲಿ ನೂರು ವರ್ಷದ ಹಿಂದೆ ಆ ಗೋಡೆಯನ್ನು ಎಬ್ಬಿಸಲೇ ಇಲ್ಲ.

ನೂರರ ಹೊಸ್ತಿಲಲ್ಲಿ

ಕಾಲ ನಿಲ್ಲುವುದಿಲ್ಲ. ನೆಲದ ಮೇಲಿಟ್ಟ ಪಂಪು ನೀರನ್ನು ಹೀರಿ ಎತ್ತಬಲ್ಲ ಎತ್ತರಕ್ಕೆ ಒಂದು ಮಿತಿಯಿದೆ. ಗಾಳಿಯ ಒತ್ತಡದ ಲೆಕ್ಕದಲ್ಲಿ ಅದು ಸುಮಾರು 10 ಮೀಟರ್, ಹೊಲದಲ್ಲಿ ಸಿಗುವುದು ಆರೇಳು ಮೀಟರ್. ಅಂತರ್ಜಲ ಇಳಿದಂತೆ ರೈತರು ಪಂಪನ್ನೇ ಬಾವಿಯೊಳಗೆ ಇಳಿಸಿದರು, ಬಾವಿ ಬತ್ತಿದ ಮೇಲೆ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಬಂತು. ಎರಕದ ಕಬ್ಬಿಣದ ಜಾಗಕ್ಕೆ ಹಲವೆಡೆ ಸ್ಟೇನ್‌ಲೆಸ್ ಸ್ಟೀಲು ಬಂತು, ಕೈಲೇತಿನ ಜಾಗಕ್ಕೆ ಸಿಎನ್‌ಸಿ ಬಂತು, ಗುಜರಾತಿನ ಪೈಪೋಟಿ ಬಂತು. ಎರಡು ಲೇತಿನ ಶೆಡ್ಡಿನವನಿಗೆ ಉಸಿರಾಡುವುದು ಕಷ್ಟವಾಗಿದೆ. 1998ರಲ್ಲಿ ಶುರುವಾದ ಪಿ.ಎಸ್.ಜಿ.-ಸ್ಟೆಪ್ ಎಂಬ ಕೇಂದ್ರ ಹೊಸ ಉದ್ದಿಮೆ ಆರಂಭಿಸುವವರಿಗೆ ಜಾಗ, ಸಲಕರಣೆ, ಸಲಹೆ ಕೊಡುತ್ತ ಬಂದಿದೆ. 1926ರ ಹುಡುಗನಿಗೆ ಬೆಂಚು ಕೊಟ್ಟ ಮನಸ್ಸೇ ಇಂದಿನವರಿಗೆ ಸರ್ಕ್ಯೂಟ್ ಬೋರ್ಡು, ಸೆನ್ಸರು ಜೋಡಿಸುವ ಮೇಜು ಕೊಡುತ್ತಿದೆ.

ಶತಮಾನದ ಹಬ್ಬದಲ್ಲಿ ಕಟ್ಟಡಗಳನ್ನೂ ಪದವೀಧರರನ್ನೂ ಎಣಿಸುವುದು ಸಹಜ. ಆದರೆ ಈ ಸಂಸ್ಥೆಯಿಂದ ಬೇರೆ ಉದ್ದಿಮೆಗಳು ಕಲಿಯಬೇಕಾದದ್ದು ಆ ಮೊದಲ ದಿನದ ಹಂಚಿಕೆಯನ್ನು. ಕಲಿಯುವವರಿಗೆ ಕೊಟ್ಟದ್ದು ಎಲ್ಲರೂ ಉಂಡ ಮೇಲೆ ಉಳಿದದ್ದಲ್ಲ. ಅಣ್ಣತಮ್ಮಂದಿರ ಪಾಲಿನಷ್ಟೇ ತೂಕದ ಪಾಲು, ಅದೂ ಹಂಚಿಕೆಯ ದಿನವೇ ತೆಗೆದಿಟ್ಟದ್ದು.

ನಮ್ಮ ಊರಿನಲ್ಲಿ ನಮ್ಮ ಮನೆಯೂ ಹಿಸ್ಸೆಯಾಯಿತು. ಹೊಲಕ್ಕೆ ಬದು ಬಿತ್ತು, ಬಾವಿ ಜಂಟಿಯಾಗಿಯೇ ಉಳಿಯಿತು. ಅದರ ದಡದಲ್ಲಿ ಕೊಯಮತ್ತೂರಿನ ಪಂಪ್‌ಸೆಟ್ಟೊಂದು ಬಹಳ ವರ್ಷ ದುಡಿಯಿತು. ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯೇ ಆಗಲಿ, ಯಾರ ಸರದಿಯೋ ಅವರು ಟಾರ್ಚು ಹಿಡಿದು ಹೋಗಿ ಸ್ಟಾರ್ಟರಿನ ಗುಂಡಿ ಒತ್ತುತ್ತಿದ್ದರು. ಆ ಪಂಪನ್ನು ಎರಕ ಹೊಯ್ದವರು ಯಾರು, ಅದರ ಶಾಫ್ಟು ತಿರುವಿದ ಹುಡುಗ ಎಲ್ಲಿ ಕಲಿತ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನೀರು ಮಾತ್ರ ನಾಲ್ಕೂ ಪಾಲಿನ ಹೊಲಗಳಿಗೆ ಸರದಿಯಂತೆ ಹರಿಯುತ್ತಿತ್ತು.